ಫೈಬರ್ ಬಾಡಿ ಹಾಕಿದ ಮೇಲೆ ಜೀಪಿನ ಲೈಟ್ ಯಾಕೆ ಮಂಕಾಯಿತು?

[ಕತ್ತಲು. ಹಳೇ ಜೀಪಿನ ಮುಖ. ಎರಡೂ ಹೆಡ್‌ಲೈಟ್ ಸೀಮೆಎಣ್ಣೆ ದೀಪದ ಹಾಗೆ ಕೆಂಪಗೆ ಉರಿಯುತ್ತಿವೆ.]

ಈ ಲೈಟ್ ನೋಡಿ. ಬಲ್ಬ್ ಹೊಸದು. ಬ್ಯಾಟರಿ ಹೊಸದು. ವೈರಿಂಗ್‌ಗೆ ಯಾರೂ ಕೈ ಹಾಕಿಲ್ಲ. ಆದರೂ ಬೆಳಕು ಹತ್ತು ಅಡಿ ದಾಟುತ್ತಿಲ್ಲ. ಈಗ ಎಡಗಡೆ ಇಂಡಿಕೇಟರ್ ಹಾಕಿದರೆ ಏನಾಗುತ್ತದೆ ನೋಡಿ. ಎಡಗಡೆಯದು ಮಿಣುಕುತ್ತದೆ. ಅದರ ಜೊತೆಗೆ ಬಲಗಡೆಯದೂ ಸಣ್ಣಗೆ ಮಿಣುಕುತ್ತದೆ. ಹೆಡ್‌ಲೈಟ್ ಕೂಡ ಅದೇ ತಾಳಕ್ಕೆ ಏರಿಳಿಯುತ್ತದೆ.

ಇದನ್ನು ಕಳಿಸಿದವರು ಮೂಡಿಗೆರೆ ಕಡೆಯ ಒಬ್ಬ ವೀಕ್ಷಕರು. ಮನೆಯಲ್ಲಿ ತಂದೆಯವರ ಕಾಲದ ಮಹೀಂದ್ರಾ ಜೀಪು. ಮಳೆಗೆ ಮಡ್‌ಗಾರ್ಡ್ ಎರಡೂ ತಿಂದು ಹೋಗಿದ್ದವು, ಮುಂದಿನ ಗ್ರಿಲ್ ಕೂಡ ಜಾಲರಿ ಆಗಿತ್ತು. ಫೈಬರ್ ಸೆಟ್ ತರಿಸಿ ಹಾಕಿಸಿದರು. ಜೀಪು ಲಕಲಕ ಅನ್ನುವ ಹಾಗಾಯಿತು. ಅವತ್ತು ರಾತ್ರಿಯೇ ಲೈಟ್ ಹೀಗಾಯಿತು. ಅವರ ಪ್ರಶ್ನೆ ಒಂದೇ ಸಾಲು: "ತಗಡು ಬಿಚ್ಚಿ ಫೈಬರ್ ಹಾಕಿದ್ದಕ್ಕೂ ಲೈಟಿಗೂ ಏನು ಸಂಬಂಧ ಸಾರ್?"

ಈ ಪ್ರಶ್ನೆ ನನಗೆ ತುಂಬಾ ಹಿಡಿಸಿತು. ಹಳೇ ಜೀಪಿಗೆ ಹೊರಗಿನ ಬಾಡಿ ಪಾರ್ಟ್ಸ್ ಹಾಕಿಸುವವರೆಲ್ಲ ಒಂದಲ್ಲ ಒಂದು ದಿನ ಎಡವುವ ಜಾಗ ಇದೇ. ಬಾಡಿ ಅಂದರೆ ಜೀಪಿಗೆ ತೊಡಿಸಿದ ಅಂಗಿ ಅಂತ ನಾವು ಅಂದುಕೊಂಡಿರುತ್ತೇವೆ. ಹಳೇದು ತೆಗೆದು ಹೊಸದು ತೊಡಿಸಿದರೆ ಆಯಿತು, ಅಲ್ವಾ? ಆದರೆ ಆ ತಗಡು ಸುಮ್ನೆ ಕೂತಿರಲಿಲ್ಲ. ಯಾರಿಗೂ ಹೇಳದೆ ನಾಲ್ಕೈದು ಕೆಲಸ ಮಾಡಿಕೊಂಡಿತ್ತು.

ಜೀಪಿನ ಬಗ್ಗೆ ಗೊತ್ತಿಲ್ಲದವರಿಗೆ ಎರಡೇ ಮಾತು. ಕೆಳಗೆ ಏಣಿಯ ಆಕಾರದ ಚಾಸಿಸ್. ಇಂಜಿನ್, ಗೇರ್ ಬಾಕ್ಸ್, ಆಕ್ಸಲ್ ಎಲ್ಲ ಅದಕ್ಕೇ ಸೇರಿದ್ದು. ಮೇಲೆ ಬಾಡಿ, ಬೋಲ್ಟ್ ಹಾಕಿ ಕೂರಿಸಿದ್ದು. ಬೋಲ್ಟ್ ಬಿಚ್ಚಿ ನಾಲ್ಕು ಜನ ಹಿಡಿದರೆ ಬಾಡಿ ಎತ್ತಿ ಪಕ್ಕಕ್ಕೆ ಇಡಬಹುದು. ಅದಕ್ಕೇ ಐವತ್ತು ವರ್ಷ ಹಳೆಯ ಜೀಪಿಗೂ ಇವತ್ತು ಹೊಸ ಬಾಡಿ ಸಿಗುತ್ತದೆ. ಹರಿಯಾಣದ ಮಂಡಿ ಡಬ್ವಾಲಿ ಅನ್ನುವ ಊರು ಹೀಗೆ ಜೀಪು ಕಟ್ಟುವುದಕ್ಕೇ ಹೆಸರುವಾಸಿ. ಬೆಂಗಳೂರಿನವರು ಜೆ.ಸಿ. ರಸ್ತೆ, ಶಿವಾಜಿನಗರ ಸುತ್ತುತ್ತಾರೆ.

ಈಗ ಲೈಟಿಗೆ ಬರೋಣ.

[ಬಿಳಿ ಹಲಗೆ. ಬ್ಯಾಟರಿ, ಬಲ್ಬ್, ಒಂದೇ ಒಂದು ಗೆರೆ.]

ಬಲ್ಬ್ ಉರಿಯಬೇಕಾದರೆ ಕರೆಂಟು ಬ್ಯಾಟರಿಯಿಂದ ಹೋಗಬೇಕು, ತಿರುಗಿ ಬ್ಯಾಟರಿಗೇ ಬರಬೇಕು. ಹೋಗಲಿಕ್ಕೆ ಒಂದು ವೈರ್, ಬರಲಿಕ್ಕೆ ಒಂದು ವೈರ್. ಮನೆಯಲ್ಲಿ ಹೀಗೇ ಇರುತ್ತದೆ. ಆದರೆ ಜೀಪಿನ ಲೈಟಿನಿಂದ ಬ್ಯಾಟರಿಯ ತನಕ ವಾಪಸ್ ಬರುವ ವೈರನ್ನು ಹುಡುಕಿ ನೋಡಿ. ಸಿಗುವುದಿಲ್ಲ. ಗೇಣುದ್ದದ ಕಪ್ಪು ವೈರ್ ಒಂದು ಲೈಟಿನ ಹಿಂದಿನಿಂದ ಹೊರಟು ಹತ್ತಿರದ ಸ್ಕ್ರೂಗೆ ಸೇರಿ ಮುಗಿದುಹೋಗುತ್ತದೆ. ಇಂಡಿಕೇಟರಿಗೆ ಅಷ್ಟೂ ಇಲ್ಲ. ಅದರ ಹೋಲ್ಡರ್ ನೇರವಾಗಿ ತಗಡಿಗೆ ತಗುಲಿರುತ್ತದೆ.

ಅಲ್ಲಿಂದ ಮುಂದೆ ಕರೆಂಟು ಬರುವ ದಾರಿಯೇ ಬಾಡಿ. ಬ್ಯಾಟರಿಯ ನೆಗೆಟಿವ್ ಕೂಡ ಅದೇ ಕಬ್ಬಿಣಕ್ಕೆ ಕಟ್ಟಿದೆ.

ನಮ್ಮ ಕಡೆ ಹಳ್ಳಿಯ ಶಾಲೆ ನೆನಪು ಮಾಡಿಕೊಳ್ಳಿ. ಬೆಳಗ್ಗೆ ಹೋಗುವಾಗ ಮಕ್ಕಳು ರಸ್ತೆಯಲ್ಲೇ ಸಾಲಾಗಿ ಹೋಗುತ್ತಾರೆ. ಸಂಜೆ ಬೆಲ್ ಹೊಡೆದ ಮೇಲೆ ರಸ್ತೆ ಯಾರಿಗೆ ಬೇಕು? ಕೊಯ್ಲಾದ ಗದ್ದೆ ಬಯಲು ಇದೆಯಲ್ಲ. ಒಬ್ಬ ಬದುವಿನ ಮೇಲೆ, ಒಬ್ಬಳು ನಡುಗದ್ದೆಯಲ್ಲಿ, ಇನ್ನೊಬ್ಬ ನೇರಳೆ ಮರದ ಕಡೆಯಿಂದ ಸುತ್ತಿ. ಎಲ್ಲರೂ ಮನೆ ಸೇರುತ್ತಾರೆ. ಕರೆಂಟು ಮಾಡುವುದೂ ಇದನ್ನೇ. ಹೋಗುವಾಗ ವೈರ್ ಅನ್ನುವ ರಸ್ತೆ. ಬರುವಾಗ ಇಡೀ ಜೀಪೇ ಬಯಲು. ವಾಹನ ಮಾಡಿದವರಿಗೆ ಅರ್ಧಕ್ಕರ್ಧ ವೈರ್ ಉಳಿಯಿತು. ನಮ್ಮ ಮೆಕ್ಯಾನಿಕ್‌ಗಳು ಇದನ್ನು ಬಾಡಿ ಅರ್ತ್ ಅನ್ನುತ್ತಾರೆ.

ಈಗ ಆ ಬಯಲಿಗೆ ಒಂದು ದಿನ ಯಾರೋ ಕಾಂಪೌಂಡ್ ಕಟ್ಟಿಸಿದರು ಅಂದುಕೊಳ್ಳಿ. ಫೈಬರ್ ಅಂದರೆ ಅದೇ ಕಾಂಪೌಂಡ್. ಅದು ಗಾಜಿನ ನೂಲು ಮತ್ತು ರೆಸಿನ್ ಸೇರಿಸಿ ಮಾಡಿದ ವಸ್ತು. ಎರಡರಲ್ಲೂ ಕರೆಂಟು ಹರಿಯುವುದಿಲ್ಲ. ಕಪ್ಪು ವೈರನ್ನು ಅದೇ ಹಳೇ ಜಾಗದಲ್ಲಿ, ಅದೇ ಸ್ಕ್ರೂಗೆ ಅಚ್ಚುಕಟ್ಟಾಗಿ ಕಟ್ಟಿದ್ದಾರೆ. ಆದರೆ ಆ ಸ್ಕ್ರೂ ಈಗ ಎಲ್ಲಿಗೂ ಸೇರಿಲ್ಲ.

ಹಾಗಾದರೆ ಲೈಟ್ ಪೂರ್ತಿ ಆರಿಹೋಗಬೇಕಿತ್ತು. ಮಂಕಾಗಿ ಯಾಕೆ ಉರಿಯಿತು? ಇಲ್ಲಿದೆ ನನಗೆ ತುಂಬಾ ಇಷ್ಟವಾದ ಭಾಗ.

ಬಯಲು ಮುಚ್ಚಿತು ಅಂತ ಮಕ್ಕಳು ಶಾಲೆಯಲ್ಲೇ ಮಲಗುತ್ತಾರಾ? ಇಲ್ಲ. ಯಾರದೋ ಹಿತ್ತಲಿನಿಂದ ನುಸುಳುತ್ತಾರೆ. ಕರೆಂಟೂ ಹಿತ್ತಲು ಹುಡುಕುತ್ತದೆ. ಒಂದು ಬೋಲ್ಟು ಎಲ್ಲೋ ರೇಡಿಯೇಟರ್ ಸಪೋರ್ಟಿಗೆ ಅರೆಬರೆ ತಗುಲಿರುತ್ತದೆ, ಅಲ್ಲಿಂದ ಒಂದಿಷ್ಟು ನುಗ್ಗುತ್ತದೆ. ಇನ್ನೊಂದಿಷ್ಟು ಪಕ್ಕದ ಬಲ್ಬಿನ ಒಳಗಿಂದಲೇ ದಾಟುತ್ತದೆ. ಪಾರ್ಕಿಂಗ್ ಮತ್ತು ಇಂಡಿಕೇಟರ್ ಎರಡಕ್ಕೂ ಒಂದೇ ಬಲ್ಬ್ ಇರುವ ಜೀಪುಗಳಲ್ಲಿ ಒಳಗೆ ಎರಡು ಫಿಲಮೆಂಟ್, ಅಂದರೆ ಕಾದು ಬೆಳಗುವ ಎಳೆ, ಇರುತ್ತವೆ, ಅರ್ತ್ ಮಾತ್ರ ಒಂದೇ. ಅದು ಹೋದರೆ ಒಂದು ಫಿಲಮೆಂಟಿನ ಕರೆಂಟು ಇನ್ನೊಂದರ ಮೂಲಕ ಹಿಂದಕ್ಕೆ ಹರಿದು, ಇಂಡಿಕೇಟರ್ ವೈರ್ ಹಿಡಿದು, ಡ್ಯಾಶ್‌ಬೋರ್ಡಿನ ಪುಟ್ಟ ಬಲ್ಬ್ ದಾಟಿ, ಕೊನೆಗೆ ಮನೆ ಸೇರುತ್ತದೆ. ದಾರಿಯಲ್ಲಿ ಸಿಕ್ಕ ಬಲ್ಬೆಲ್ಲ ಸ್ವಲ್ಪ ಸ್ವಲ್ಪ ಬೆಳಗುತ್ತದೆ. ನಮ್ಮ ಮೂಡಿಗೆರೆ ಜೀಪಿನಲ್ಲಿ ಬಲಗಡೆ ಲೈಟ್ ಮಿಣುಕಿದ್ದು ಹೀಗೆ.

ಮತ್ತೆ ಮಂಕು ಅಂದರೆ ಎಷ್ಟು ಮಂಕು? 12 ವೋಲ್ಟಿನ ಹೆಡ್‌ಲೈಟ್ ಬಲ್ಬಿಗೆ 10 ವೋಲ್ಟ್ ಮಾತ್ರ ಸಿಕ್ಕಿತು ಅಂದುಕೊಳ್ಳಿ. ಆರರಲ್ಲಿ ಒಂದು ಪಾಲು ಕಡಿಮೆ ಆಯಿತು, ಬೆಳಕೂ ಅಷ್ಟೇ ಕಡಿಮೆ ಆಗಬಹುದು ಅನ್ನಿಸುತ್ತದೆ. ಹಾಗಾಗುವುದಿಲ್ಲ. ಬೆಳಕು ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ. ಫಿಲಮೆಂಟ್ ಸ್ವಲ್ಪ ತಣ್ಣಗಾದರೂ ಬೆಳಕು ಜಾಸ್ತಿ ಬೀಳುತ್ತದೆ, ಬಣ್ಣವೂ ಕೆಂಪಿಗೆ ತಿರುಗುತ್ತದೆ. ಚಾರ್ಮಾಡಿ ಘಾಟಿಯಲ್ಲಿ, ಮಂಜಿನಲ್ಲಿ, ಅರ್ಧ ಬೆಳಕಿನಲ್ಲಿ ಗಾಡಿ ಓಡಿಸುವುದನ್ನು ನೆನೆಸಿಕೊಂಡರೆ ನನಗೆ ಭಯವಾಗುತ್ತದೆ. ಇದನ್ನು ಸಣ್ಣ ರಿಪೇರಿ ಅಂತ ದಯವಿಟ್ಟು ಮುಂದಕ್ಕೆ ಹಾಕಬೇಡಿ.

ಪರೀಕ್ಷೆ ಸುಲಭ. ಲೈಟ್ ಹಾಕಿ. ಮಲ್ಟಿಮೀಟರಿನ ಒಂದು ಮುಳ್ಳು ಲೈಟಿನ ಅರ್ತ್ ಪಿನ್ನಿಗೆ, ಇನ್ನೊಂದು ಬ್ಯಾಟರಿಯ ನೆಗೆಟಿವ್‌ಗೆ. ಸೊನ್ನೆಯ ಆಸುಪಾಸು ತೋರಿಸಿದರೆ ಚೆನ್ನಾಗಿದೆ. ಒಂದು, ಎರಡು ವೋಲ್ಟ್ ತೋರಿಸಿದರೆ ಕಳ್ಳ ಸಿಕ್ಕಿದ. ಪ್ರತಿ ಲೈಟಿನಿಂದ ಒಂದು ದಪ್ಪ ಕಪ್ಪು ವೈರ್ ಎಳೆದು ಚಾಸಿಸ್‌ಗೆ ಕಟ್ಟಿಸಿ. ಕಟ್ಟುವ ಜಾಗದಲ್ಲಿ ಪೇಂಟ್ ಕೆರೆದು, ಕಬ್ಬಿಣ ಹೊಳೆಯುವ ಹಾಗೆ ಮಾಡಿ ಕಟ್ಟಿಸಿ. ಆಮೇಲೆ ಗ್ರೀಸ್ ಸವರಿ.

"ನಾನು ಫೈಬರ್ ಹಾಕಿಲ್ಲ, ಹೊಸ ಕಬ್ಬಿಣದ ಬಾಡಿಯೇ ಹಾಕಿಸಿದ್ದೇನೆ" ಅನ್ನುವವರೂ ನೋಡಿಕೊಳ್ಳಿ. ಹೊಸ ಬಾಡಿಗೆ ಒಳಗೆ ಹೊರಗೆ ದಪ್ಪ ಪೇಂಟ್. ಕೆಳಗೆ ಚಾಸಿಸ್ ಮೇಲೆ ಕೂರುವಲ್ಲಿ ರಬ್ಬರ್. ಪೇಂಟೂ ರಬ್ಬರೂ ಕರೆಂಟನ್ನು ದಾಟಲು ಬಿಡುವುದಿಲ್ಲ. ಬಾಡಿಗೂ ಚಾಸಿಸ್‌ಗೂ ನಡುವೆ ಒಂದು ಅರ್ತ್ ಪಟ್ಟಿ ಹಾಕಿಸಲೇಬೇಕು.

[ಎರಡು ಜೀಪುಗಳ ಚಿತ್ರ, ಅಕ್ಕಪಕ್ಕ. ಒಂದಕ್ಕೆ ಗಿಡ್ಡ ಬಾನೆಟ್, ಇನ್ನೊಂದಕ್ಕೆ ಎತ್ತರದ್ದು.]

ತಗಡಿನ ಎರಡನೇ ಗುಟ್ಟು ಬಾನೆಟ್‌ನಲ್ಲಿದೆ. ಎರಡನೇ ಮಹಾಯುದ್ಧದ ಕಾಲದ ಅಮೆರಿಕದ ವಿಲ್ಲೀಸ್ ಜೀಪಿನ ಬಾನೆಟ್ ಗಿಡ್ಡ. ನಮ್ಮ ಊರುಗಳಲ್ಲಿ ದಶಕಗಟ್ಟಲೆ ಓಡಿದ ಸಿಜೆ-3ಬಿ ಮಾದರಿಯ ಜೀಪಿಗೆ ಹಣೆ ಎತ್ತರ. ನೋಡಲು ಚೆಂದ ಅಂತ ಎತ್ತರಿಸಿದ್ದಲ್ಲ. ಹಳೇ ಇಂಜಿನ್‌ನಲ್ಲಿ ವಾಲ್ವ್‌ಗಳೆಲ್ಲ ಸಿಲಿಂಡರಿನ ಪಕ್ಕದಲ್ಲಿ, ಬ್ಲಾಕಿನ ಒಳಗೇ ಇದ್ದವು. ಇಂಜಿನ್ 60 ಹಾರ್ಸ್‌ಪವರ್. ಇನ್ನೂ ಶಕ್ತಿ ಬೇಕು ಅಂತ ಗಾಳಿ ಒಳಗೆ ಬಿಡುವ ವಾಲ್ವ್‌ಗಳನ್ನು ಮೇಲಕ್ಕೆ, ಹೆಡ್‌ಗೆ ಏರಿಸಿದರು. ಹೊಗೆ ಹೊರಹಾಕುವ ವಾಲ್ವ್‌ಗಳು ಕೆಳಗೇ ಉಳಿದವು. ಅದೇ 2.2 ಲೀಟರ್ ಇಂಜಿನ್ 70 ಹಾರ್ಸ್‌ಪವರ್ ದಾಟಿತು. ಎತ್ತರವೂ ಬೆಳೆಯಿತು, ಬಾನೆಟ್ ಮುಚ್ಚದಾಯಿತು. 1953ರಲ್ಲಿ ಬಂದ ಸಿಜೆ-3ಬಿಯ ಮುಖ ಹುಟ್ಟಿದ್ದು ಹೀಗೆ.

ಈಗ ನಮ್ಮ ಹುಡುಗರಿಗೆ ಯುದ್ಧದ ಜೀಪಿನ ಆ ಗಿಡ್ಡ ಮುಖದ ಮೇಲೆ ಆಸೆ. ಆಸೆ ತಪ್ಪಲ್ಲ, ಅದು ಸುಂದರವಾದ ಮುಖ. ಆದರೆ ಗಿಡ್ಡ ಬಾನೆಟ್‌ನ ಬಾಡಿ ಆರ್ಡರ್ ಮಾಡುವ ಮೊದಲು ಒಳಗಿರುವ ಇಂಜಿನ್ ಯಾವುದು ಅಂತ ನೋಡಿ. ಏರ್ ಕ್ಲೀನರ್ ಸೇರಿಸಿ ಎತ್ತರ ಅಳೆಯಿರಿ. ಬಾಡಿ ಬಂದಿಳಿದ ಮೇಲೆ ಬಾನೆಟ್ ಕೂರದೆ, ನಡುವೆ ಕತ್ತರಿಸಿ ಗುಬುಟು ಎಬ್ಬಿಸಿದ ಜೀಪುಗಳನ್ನು ನಾನು ಕಣ್ಣಾರೆ ನೋಡಿದ್ದೇನೆ. ನನ್ನ ಮಾತು ಕೇಳುವುದಾದರೆ, ಆ ಎತ್ತರದ ಹಣೆಯನ್ನು ಹಾಗೇ ಉಳಿಸಿಕೊಳ್ಳಿ. ಮಲೆನಾಡಿನ ತೋಟಗಳಲ್ಲಿ ಕಾಫಿ ಮೂಟೆ ಹೊತ್ತ ಜೀಪಿನ ಮುಖ ಅದು.

ವಿಡಿಯೋ ಉದ್ದ ಆಗುತ್ತಿದೆ. ಉಳಿದದ್ದನ್ನು ಬೇಗ ಬೇಗ ಹೇಳುತ್ತೇನೆ.

ಹಳ್ಳದಲ್ಲಿ ಒಂದು ಚಕ್ರ ಬಂಡೆ ಏರಿದಾಗ ಚಾಸಿಸ್ ತಿರುಚಿಕೊಳ್ಳುತ್ತದೆ. ಅದು ಹಾಗೆ ತಿರುಚಿಕೊಳ್ಳಲೆಂದೇ ಕೆಳಗೆ ರಬ್ಬರ್ ಇಟ್ಟಿರುವುದು. ರಬ್ಬರ್ ತೆಗೆದು ಬಾಡಿಯನ್ನು ಚಾಸಿಸ್‌ಗೆ ವೆಲ್ಡಿಂಗ್ ಮಾಡಿಸಿದರೆ ಬಿರುಕು ಖಂಡಿತ. ತಗಡು ಬಗ್ಗುತ್ತದೆ, ಫೈಬರ್ ಬೋಲ್ಟಿನ ತೂತಿನಿಂದ ಸೀಳುತ್ತದೆ. ಅದಕ್ಕೆ ತೂತು ಸ್ವಲ್ಪ ದೊಡ್ಡದಿರಲಿ, ಅಗಲ ವಾಷರ್ ಹಾಕಿಸಿ, ಬೋಲ್ಟು ಬರುವಲ್ಲಿ ಫೈಬರ್ ಪದರದ ನಡುವೆ ಕಬ್ಬಿಣದ ಪಟ್ಟಿ ಇಟ್ಟಿದ್ದಾರಾ ಕೇಳಿ.

ದಪ್ಪ ತಗಡೇ ಗಟ್ಟಿ ಅಂತ 18 ಗೇಜ್ ಬದಲು 16 ಗೇಜ್ ಹಾಕಿಸುವವರು ತೂಕ ಲೆಕ್ಕ ಹಾಕಿ. 18 ಗೇಜ್ ಸುಮಾರು 1.2 ಮಿಲಿಮೀಟರ್, ಒಂದು ಚದರ ಮೀಟರಿಗೆ ಒಂಬತ್ತೂವರೆ ಕಿಲೋ. 16 ಗೇಜ್ ಸುಮಾರು 1.6 ಮಿಲಿಮೀಟರ್, ಹನ್ನೆರಡೂವರೆ ಕಿಲೋ. ಇಡೀ ಬಾಡಿಗೆ ಆ ವ್ಯತ್ಯಾಸ ಕೂಡಿದರೆ ಹಳೇ ಬ್ರೇಕಿಗೆ ಭಾರವೇ. ಮೇಲೆ ಹಾರ್ಡ್‌ಟಾಪ್, ಅದರ ಮೇಲೆ ಕ್ಯಾರಿಯರ್ ಹಾಕಿದರೆ ಓರೆ ದಾರಿಯಲ್ಲಿ ಜೀಪು ಬೇಗ ವಾಲುತ್ತದೆ.

ತುಕ್ಕಿನ ಬಗ್ಗೆ ಒಂದೇ ವಿಷಯ. ಯುದ್ಧಕಾಲದ ಜೀಪುಗಳ ನೆಲದ ತಗಡಿನ ಕೆಳಗಿನ ಕಬ್ಬಿಣದ ಪಟ್ಟಿಗಳ ಒಳಗೆ ಮರದ ತುಂಡು ತುಂಬಿದ್ದರು. ಗಟ್ಟಿತನಕ್ಕೆ ಇಟ್ಟ ಆ ಮರವೇ ನೀರು ಹೀರಿಕೊಂಡು ಸುತ್ತಲಿನ ಕಬ್ಬಿಣವನ್ನು ತಿಂದುಹಾಕಿತು. ಹೊಸ ಬಾಡಿ ಕೂರಿಸುವ ದಿನ ಚಾಸಿಸ್ ಪೂರ್ತಿ ಬರಿಮೈಯಲ್ಲಿ ಸಿಗುತ್ತದೆ. ಸುತ್ತಿಗೆ ತಗೊಂಡು ಉದ್ದಕ್ಕೂ ಕುಟ್ಟಿ ನೋಡಿ. ಟಣ್ ಅನ್ನಬೇಕು. ಬೊದ್ದು ಸದ್ದು ಬಂದ ಕಡೆ ಪುಟ್ಟಿ ಮೆತ್ತಿ ಮುಚ್ಚಬೇಡಿ.

ಇನ್ನು ಕಾನೂನು. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿರುವ ವಿವರ ತಯಾರಕರು ಮೊದಲು ಕೊಟ್ಟ ವಿವರಕ್ಕಿಂತ ಬೇರೆಯಾಗುವ ಹಾಗೆ ವಾಹನವನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳ ತನಕ ಜೈಲು, ಅಥವಾ ಎರಡೂ ಅಂತ ಬಂತು. ಮುಂದೆ ಹಾಕುವ ಆ ದಪ್ಪ ಕ್ರ್ಯಾಷ್ ಗಾರ್ಡ್ ಮೇಲೆ ಕ್ರಮ ತಗೊಳ್ಳಿ ಅಂತ 2017ರ ಡಿಸೆಂಬರಿನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಬರೆದಿದೆ. ತುಕ್ಕು ಹಿಡಿದ ಮಡ್‌ಗಾರ್ಡ್ ತೆಗೆದು ಅದೇ ಅಳತೆಯದು ಹಾಕುವುದು ಬೇರೆ. ಬಾಡಿಯ ಬಗೆ, ಸೀಟಿನ ಲೆಕ್ಕ, ತೂಕ ಬದಲಾಯಿಸುವುದು ಬೇರೆ. ಇವೆಲ್ಲ ಆರ್‌ಸಿಯಲ್ಲಿ ಬರೆದಿರುವ ವಿಷಯಗಳು. ದುಡ್ಡು ಕೊಡುವ ಮೊದಲು ನಿಮ್ಮ ಆರ್‌ಟಿಒ ಕಚೇರಿಗೆ ಹೋಗಿ ಕೇಳಿ. 15 ವರ್ಷ ದಾಟಿದ ಸ್ವಂತ ಜೀಪಿಗೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು, ಅವತ್ತು ಗಾಡಿಯನ್ನು ತಪಾಸಣೆಗೆ ನಿಲ್ಲಿಸಬೇಕು. ಲೈಟ್ ಹೀಗೆ ಮಿಣಮಿಣ ಅಂದರೆ ಅಲ್ಲೇ ವಾಪಸ್ ಕಳಿಸುತ್ತಾರೆ.

ಮೂಡಿಗೆರೆಯವರಿಗೆ ನಾನು ಹೇಳಿದ್ದು ಒಂದೇ ಕೆಲಸ. ನಾಲ್ಕು ಕಪ್ಪು ವೈರ್, ಹೆಡ್‌ಲೈಟಿಗೆ ಎರಡು, ಇಂಡಿಕೇಟರಿಗೆ ಎರಡು, ನಾಲ್ಕನ್ನೂ ಚಾಸಿಸ್‌ಗೆ ಕಟ್ಟಿಸಿ ಅಂತ. ಮರುದಿನ ರಾತ್ರಿ ಅವರು ಕಳಿಸಿದ ವಿಡಿಯೋ ಇದು.

[ಅದೇ ಜೀಪು, ಅದೇ ಕತ್ತಲು. ಸ್ವಿಚ್ಚಿನ ಸದ್ದು. ಬಿಳಿ ಬೆಳಕು ಕಾಫಿ ಗಿಡಗಳ ಸಾಲು ದಾಟಿ ತೋಟದ ಗೇಟಿನ ತನಕ ಬೀಳುತ್ತದೆ. ಎಡಗಡೆ ಇಂಡಿಕೇಟರ್ ಮಿಣುಕುತ್ತದೆ. ಬಲಗಡೆ ಕತ್ತಲು.]