ಟ್ರಾಮ್ ಬೇಕಾದರೆ ಮೊದಲು ದಾರಿ ಬಿಡಿ

ಎಲ್ಲರಿಗೂ ನಮಸ್ಕಾರ. ಕಲಬುರಗಿಯಲ್ಲಿ ನಿಂತು, ರಸ್ತೆಯಲ್ಲೇ ಹಾಕಿದ ಹಳಿಯ ಮೇಲೆ ಓಡುವ ಟ್ರಾಮ್ ಬಗ್ಗೆ ಮಾತಾಡುವುದು ಸ್ವಲ್ಪ ಜಾಸ್ತಿಯಾಯಿತು ಅನಿಸಬಹುದು. ಟಂಟಂ ಆಟೋದಲ್ಲಿ ಸೀಟು ಸಿಕ್ಕರೆ ಸಾಕು ಅನ್ನೋ ಊರು ನಮ್ಮದು. ಆದರೂ ಕೇಳಿ.

ನಮ್ಮ ದೇಶಕ್ಕೆ ಟ್ರಾಮ್ ಹೊಸದಲ್ಲ. ಮದ್ರಾಸಿನಲ್ಲಿ 1895ರಲ್ಲೇ ಕರೆಂಟಿನ ಟ್ರಾಮ್ ಓಡಿತ್ತು, 1953ರಲ್ಲಿ ನಿಂತಿತು. ಮುಂಬೈಯದು 1964ರಲ್ಲಿ ಮುಗಿಯಿತು. ಕಾರು, ಬಸ್ಸು ಹೆಚ್ಚಾದವು, ಹಳಿ ಅಡ್ಡ ಅನಿಸತೊಡಗಿತು. ಉಳಿದದ್ದು ಕೋಲ್ಕತ್ತ ಒಂದೇ, ಅದೂ ಕುಂಟುತ್ತಾ.

ಫ್ರಾನ್ಸಿನ ನಾಂತ್ ಕೂಡ 1958ರಲ್ಲಿ ಟ್ರಾಮ್ ನಿಲ್ಲಿಸಿತ್ತು. 1973ರಲ್ಲಿ ಪೆಟ್ರೋಲ್ ಬೆಲೆ ಏರಿದ ಮೇಲೆ ಯೋಚನೆ ಬದಲಾಯಿತು. ಮೇಯರ್ ಅಲೆಂ ಶೆನಾರ್ ಮತ್ತೆ ಹಳಿ ಹಾಕಿಸಲು ಹೊರಟರು. 1983ರ ಚುನಾವಣೆಯಲ್ಲಿ ಸೋತೂ ಹೋದರು. ಗೆದ್ದವರಿಗೆ ಟ್ರಾಮ್ ಬೇಕಿರಲಿಲ್ಲ. ಆದರೆ ಅಷ್ಟರಲ್ಲಿ ಕೆಲಸ ಬಹಳ ಮುಂದೆ ಹೋಗಿತ್ತು, ನಿಲ್ಲಿಸುವಂತಿರಲಿಲ್ಲ. 1985ರಲ್ಲಿ ಟ್ರಾಮ್ ಓಡಿತು, ಜನ ಹತ್ತಿದರು. ಮುಂದೆ ಎಷ್ಟೋ ಊರುಗಳು ಅದೇ ದಾರಿ ಹಿಡಿದವು. ಸೋತ ಮೇಯರ್‌ಗೆ ಒಂದು ಹಾರ ಹಾಕಬೇಕು, ಅಲ್ವಾ?

1987ರಲ್ಲಿ ಫ್ರಾನ್ಸಿನದೇ ಗ್ರೆನೋಬ್ಲ್ ನಗರ ತಂದ ಟ್ರಾಮಿನ ನೆಲ ತೀರಾ ತಗ್ಗು. ಗಾಲಿಕುರ್ಚಿಯೂ ಸಲೀಸಾಗಿ ಒಳಗೆ ಹೋಗುತ್ತದೆ. ಈಗ ನಮ್ಮ ಸಿಟಿ ಬಸ್ ನೋಡಿ. ವಯಸ್ಸಾದ ಆಯಿ ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಕಂಬಿ ಹಿಡಿದು, 'ತಡೀಪಾ, ತಡೀ' ಅನ್ನುತ್ತಾ ಎರಡನೇ ಮೆಟ್ಟಿಲಿಗೆ ಕಾಲಿಡುವಷ್ಟರಲ್ಲಿ ಕಂಡಕ್ಟರ್ 'ರೈಟ್' ಅಂದಿರುತ್ತಾನೆ.

ಅದೇ ದೇಶದ ಸ್ಟ್ರಾಸ್‌ಬರ್ಗ್ ನಗರ ಇನ್ನೂ ಗಟ್ಟಿ ಹೆಜ್ಜೆ ಇಟ್ಟಿತು. 1994ರಲ್ಲಿ ಟ್ರಾಮ್ ತಂದಿತು, ಅದಕ್ಕಾಗಿ ಊರ ನಡುವಿನ ಚೌಕದಿಂದ ಕಾರುಗಳನ್ನೇ ಹೊರಗಿಟ್ಟಿತು. ನನ್ನ ಪ್ರಕಾರ ಅಸಲು ಕೆಲಸ ಇದೇ. ಕಾರಿನ ಸಾಲಿನಲ್ಲಿ ಸಿಕ್ಕಿಕೊಂಡರೆ ಟ್ರಾಮ್ ಬಸ್ಸಿಗಿಂತ ಕಡೆ, ಪಕ್ಕಕ್ಕೂ ಸರಿಯಲಾಗದು. ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ 2018ರಿಂದ ಚಿಗರಿ ಬಸ್ಸಿಗೆ ಬೇರೆ ದಾರಿಯಿದೆ. ಅದರ ಬಗ್ಗೆ ತಕರಾರು ಬೇಕಾದಷ್ಟಿವೆ. ಆದರೂ ನಾಳೆ ಅಲ್ಲಿ ಟ್ರಾಮ್ ತರುತ್ತೇವೆ ಅಂದರೆ, ಜಾಗ ಆಗಲೇ ಇದೆ.

'ನಮ್ಮೂರು ಚಿಕ್ಕದು' ಅನ್ನಬೇಡಿ. 2011ರಲ್ಲೇ ಕಲಬುರಗಿಯ ಜನ 5 ಲಕ್ಷ ದಾಟಿದ್ದರು. ನಾಂತ್ ನಗರ ಅದಕ್ಕಿಂತ ಚಿಕ್ಕದು. ಹಾಗಂತ ನಾಳೆಯೇ ಹಳಿ ಹಾಕಿ ಅಂತಲೂ ನಾನು ಹೇಳುವುದಿಲ್ಲ, ಅದು ಸುಮ್ನೆ ದುಡ್ಡು ಸುರಿದ ಹಾಗೆ. ರೈಲ್ವೆ ಸ್ಟೇಷನ್‌ನಿಂದ ಜಗತ್ ಸರ್ಕಲ್ ದಾಟಿ ಸೂಪರ್ ಮಾರ್ಕೆಟ್‌ವರೆಗೆ ಒಂದು ಲೇನ್ ಬರೀ ಬಸ್ಸಿಗೆ ಬಿಡಿ. ನಮ್ಮ ಮೇ ತಿಂಗಳ ಬಿಸಿಲಿಗೆ ಸ್ಟಾಪಿನಲ್ಲಿ ನೆರಳು ಮಾಡಿ, ಕಟ್ಟೆಯನ್ನು ಬಸ್ಸಿನ ಬಾಗಿಲ ಎತ್ತರಕ್ಕೆ ಕಟ್ಟಿ. ರಸ್ತೆ ಬದಿಯ ಪಾರ್ಕಿಂಗ್ ತೆಗೆದರೆ ಅಂಗಡಿಯವರು ಬೈಯುತ್ತಾರೆ, ಅವರ ಜೊತೆ ಕೂತು ಮಾತಾಡಬೇಕು. ತಳ್ಳುಗಾಡಿಯವರಿಗೆ ಮೊದಲೇ ಜಾಗ ತೋರಿಸಬೇಕು. ಟಂಟಂನವರದೂ ಹೊಟ್ಟೆಪಾಡು, ಅವರು ಬಡಾವಣೆಗಳಿಂದ ಜನರನ್ನು ಈ ರಸ್ತೆಗೆ ತಂದು ಬಿಡಲಿ. ಮೂರು ನಿಮಿಷಕ್ಕೊಂದು ಬಸ್ ಬಿಟ್ಟರೂ ಜನ ಬಾಗಿಲಲ್ಲಿ ಜೋತಾಡುತ್ತಿದ್ದರೆ, ಆಗ ಹಳಿಯ ಖರ್ಚಿನ ಲೆಕ್ಕ ತೆಗೆಯೋಣ.