ಫೋರ್ ಜಾ ಚಕ್‌ಗೆ ಹೆದರಬೇಡಿ

ನಮಸ್ಕಾರ. ಲೇತ್ ಕೆಲಸಕ್ಕೆ ಹೊಸದಾಗಿ ಸೇರಿದವರಿಗಾಗಿ ಇವತ್ತಿನ ಮಾತು. ಜಾಬ್ ಅಂದರೆ ಲೇತ್‌ನಲ್ಲಿ ತಿರುಗಿಸಿ ಕೆತ್ತುವ ತುಂಡು. ಅದನ್ನು ಹಿಡಿದು ತಿರುಗುವ ಭಾಗ ಚಕ್, ಅದರ ಹಿಡಿಯುವ ದವಡೆಗಳೇ ಜಾ.

ಪೀಣ್ಯದ ಒಂದು ವರ್ಕ್‌ಶಾಪ್‌ನಲ್ಲಿ ನನಗೆ ಮೊದಲು ಸಿಕ್ಕಿದ್ದು ಒಂದು ಗನ್‌ಮೆಟಲ್ (ತಾಮ್ರದ ಮಿಶ್ರಲೋಹ) ಬುಷ್, ಅಂದರೆ ಕೊಳವೆಯಂಥ ಬಿಡಿಭಾಗ. ಹೊರಮೈ ಟರ್ನ್ ಮಾಡಿದೆ. ಬಿಚ್ಚಿ, ಮಗುಚಿ, ತ್ರೀ ಜಾ ಚಕ್‌ನಲ್ಲಿ ಮತ್ತೆ ಹಿಡಿದು ಬೋರ್, ಅಂದರೆ ಒಳತೂತು, ಹೊಡೆದೆ. ಅಳೆದು ನೋಡಿದರೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಒಳ್ಳೆ ಲೋಹ ಸ್ಕ್ರ್ಯಾಪ್‌ಗೆ ಹೋಯಿತು. ಆ ಸಂಕಟ ಇನ್ನೂ ಮರೆತಿಲ್ಲ.

ತ್ರೀ ಜಾ ಚಕ್ ಒಳಗೆ ಸುರುಳಿಯಾಕಾರದ ತೋಡು ಇರುವ ತಟ್ಟೆ ಇದೆ. ಕೀ ತಿರುಗಿಸಿದರೆ ಮೂರೂ ಜಾ ಒಟ್ಟಿಗೆ ಸರಿಯುತ್ತವೆ. ಆ ಸುರುಳಿ ಸವೆದರೆ ಜಾಬ್ 0.1 ಮಿ.ಮೀ. ಓಡುವುದು, ಅಂದರೆ ಸೆಂಟರ್ ತಪ್ಪಿ ತಿರುಗುವುದು, ಮಾಮೂಲು. ಹಾಗಂತ ಚಕ್ ಕೆಟ್ಟದ್ದಲ್ಲ. ಹೊರಮೈ, ಬೋರ್ ಎರಡನ್ನೂ ಒಂದೇ ಹಿಡಿತದಲ್ಲಿ ಮುಗಿಸಿದರೆ ಎರಡಕ್ಕೂ ಸ್ಪಿಂಡಲ್‌ನದೇ (ಚಕ್ ತಿರುಗಿಸುವ ದಂಡದ್ದೇ) ಸೆಂಟರ್, ಅಲ್ವಾ? ಬಿಚ್ಚಿ ಮತ್ತೆ ಹಿಡಿಯುವಾಗಲೇ ತೊಂದರೆ.

ಆಗ ಫೋರ್ ಜಾ ಚಕ್ ಹಾಕಿ. ಇದರಲ್ಲಿ ಪ್ರತಿ ಜಾ ಬೇರೆ ಬೇರೆಯಾಗಿ ಸರಿಯುತ್ತದೆ. ಹೊತ್ತು ಜಾಸ್ತಿ ಹಿಡಿಯುತ್ತದೆ ಅಂತ ಹುಡುಗರು ಸುಮ್ನೆ ಹೆದರುತ್ತಾರೆ. ಮೊದಲು ಚಕ್ ಮುಖದ ಮೇಲಿನ ವೃತ್ತಗಳನ್ನು ನೋಡಿ ನಾಲ್ಕೂ ಜಾ ಅಂದಾಜಿಗೆ ಕೂರಿಸಿ. ಆಮೇಲೆ ಡಯಲ್ ಗೇಜ್ (ಸಣ್ಣ ಅಂತರವನ್ನು ಮುಳ್ಳಿನಲ್ಲಿ ತೋರಿಸುವ ಮಾಪಕ) ಕಟ್ಟಿ, ಅದರ ತುದಿ ಜಾಬ್‌ಗೆ ತಾಗಿಸಿ. ಗೇರ್ ನ್ಯೂಟ್ರಲ್‌ನಲ್ಲಿಟ್ಟು ಚಕ್ ಅನ್ನು ಕೈಯಲ್ಲೇ ತಿರುಗಿಸಿ. ಎದುರುಬದುರಿನ ಎರಡು ಜಾ ಮಾತ್ರ ನೋಡಿ. ಒಂದರ ಹತ್ತಿರ 0, ಎದುರಿನದರ ಹತ್ತಿರ 40 ಗೀಟು ಬಂತು ಅನ್ನಿ. ಒಂದು ಗೀಟು 0.01 ಮಿ.ಮೀ. ಜಾಬ್ 40 ಗೀಟು ಸರಿಯಬೇಕಿಲ್ಲ, ಅರ್ಧ, ಅಂದರೆ 20 ಸಾಕು. ನಾನು ಕಲಿಯುವಾಗ ಹೆಚ್ಚು ತಡವರಿಸಿದ್ದು ಇಲ್ಲೇ. ಕಡಿಮೆ ತೋರಿಸಿದ ಜಾ ಮೊದಲು ಒಂದಿಷ್ಟು ಸಡಿಲಿಸಿ, ಜಾಸ್ತಿ ತೋರಿಸಿದ್ದನ್ನು ಮುಳ್ಳು 20ಕ್ಕೆ ಬರುವವರೆಗೆ ಬಿಗಿ ಮಾಡಿ. ಆಮೇಲೆ ಇನ್ನೊಂದು ಜೋಡಿಗೆ ಹೋಗಿ. ಮತ್ತೆ ಮೊದಲ ಜೋಡಿ ನೋಡಿ. ರೂಢಿಯಾದರೆ ಐದು ನಿಮಿಷದ ಕೆಲಸ.

ತೆಳು ಗೋಡೆಯ ಜಾಬ್ ಆದರೆ ಬಿಗಿತ ಕಡಿಮೆ ಇರಲಿ. ಒತ್ತಿ ಹಿಡಿದು ದುಂಡಗೆ ಬೋರ್ ಮಾಡಿದ್ದು ಬಿಚ್ಚಿದ ಕೂಡಲೇ ಸೊಟ್ಟಗಾಗುತ್ತದೆ. ಅಂಥದ್ದಕ್ಕೆ ಆ ಅಳತೆಗೇ ಬೋರ್ ಮಾಡಿದ ಸಾಫ್ಟ್ ಜಾ (ಬೇಕಾದಂತೆ ಕೆತ್ತಿಕೊಳ್ಳಬಹುದಾದ ಮೆದು ಜಾ) ಒಳ್ಳೆಯದು.

ಉದ್ದ ಜಾಬ್ ಆದರೆ ಚಕ್‌ನಿಂದ ದೂರದ ತುದಿಗೂ ಡಯಲ್ ಇಡಿ. ಅಲ್ಲಿ ಓಡಿದರೆ ತಾಮ್ರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಚಕ್ ಹತ್ತಿರ ಮತ್ತೊಮ್ಮೆ ನೋಡಿ. ಕೀ ತೆಗೆದಿಟ್ಟು ಮೆಷಿನ್ ಶುರು ಮಾಡಿ. ನಮಸ್ಕಾರ.