ಆನೆಗೆ ಡ್ಯೂಟಿ ಉಂಟು ಮಾರಾಯ್ರೆ

ನಮಸ್ಕಾರ. ಇವತ್ತು ಕೊಡಗಿನ ದುಬಾರೆ ಆನೆ ಶಿಬಿರದ ವಿಷಯದಲ್ಲಿ ಸ್ವಲ್ಪ ಜಗಳ ಮಾಡ್ಲಿಕ್ಕುಂಟು. ಆನೆಯ ಹತ್ತಿರ ಅಲ್ಲ, ಆನೆ ನೋಡಲು ಹೋಗುವ ನಮ್ಮಂಥವರ ಹತ್ತಿರ.

ಮಳೆಗಾಲ ಮುಗಿದ ಮೇಲೆ ಒಂದು ಭಾನುವಾರ ನಾವು ಐದು ಜನ ದೋಸ್ತಿಗಳು ಮಂಗಳೂರಿನಿಂದ ಹೊರಟೆವು. ಹತ್ತಿರ ಹತ್ತಿರ 170 ಕಿಲೋಮೀಟರ್. ಬೆಳಗ್ಗೆ 4 ಗಂಟೆಗೆ ಪಂಪ್‌ವೆಲ್‌ನಲ್ಲಿ ಸೇರುವುದು ಎಂದು ಮಾತು. ಸೇರಿದ್ದು ಐದೂವರೆಗೆ. ಆಮೇಲೆ ಸುಳ್ಯದಲ್ಲಿ ಬನ್ಸ್. ಬನ್ಸ್ ತಿನ್ನದೆ ಸಂಪಾಜೆ ಘಾಟಿ ಹತ್ತುವುದುಂಟಾ? ಘಾಟಿಯಲ್ಲಿ ಮಂಜು ಕಂಡಿತು, ಫೋಟೊ ಆಗಬೇಕು. ಮಡಿಕೇರಿಯಲ್ಲಿ ಕಾಫಿ ಆಗಬೇಕು. ಗುಡ್ಡೆಹೊಸೂರಿನಲ್ಲಿ ತಿರುಗಿ ಕಾವೇರಿ ದಡ ಮುಟ್ಟುವಾಗ ಹತ್ತು ಗಂಟೆ ದಾಟಿತ್ತು.

ಶಿಬಿರ ಇರುವುದು ಆಚೆ ದಡದಲ್ಲಿ. ಬೇಸಗೆಯಲ್ಲಾದರೆ ನೀರು ಇಳಿದು ಕಲ್ಲು ಕಾಣುತ್ತದೆ, ನಡೆದೇ ಹೋಗಬಹುದು. ಈಗ ಬೋಟೇ ಗತಿ. ಆ ಕ್ಯೂ ನೋಡಬೇಕಿತ್ತು! ಕಾದದ್ದು ಮುಕ್ಕಾಲು ಗಂಟೆ, ಬೋಟಿನಲ್ಲಿ ಕೂತದ್ದು ಐದು ನಿಮಿಷ. ಆ ಐದು ನಿಮಿಷದಲ್ಲೂ ನಮ್ಮವನೊಬ್ಬ ಲೈಫ್ ಜಾಕೆಟ್ ಬಿಚ್ಚಿ ಸೆಲ್ಫಿಗೆ ಎದ್ದು ನಿಂತ. ಬೋಟಿನವರು ಕೊಟ್ಟ ಬೈಗುಳ ನನಗೆ ತುಂಬಾ ಇಷ್ಟವಾಯಿತು.

ದಾಟಿ ನೋಡಿದರೆ ಆನೆಗಳ ಸ್ನಾನ ಮುಗಿಯುತ್ತಾ ಬಂದಿತ್ತು. ಒಂದು ಆನೆ ಮಾತ್ರ ಸೊಂಡಿಲ ತುದಿ ಮೇಲಿಟ್ಟು ನೀರಲ್ಲಿ ಒರಗಿತ್ತು. ಮಾವುತರು ಕಿವಿಯ ಹಿಂದೆ ಉಜ್ಜುತ್ತಿದ್ದರು. ಅದರ ಕಣ್ಣು ಅರ್ಧ ಮುಚ್ಚಿತ್ತು. ಆಚೆ ಬೆಲ್ಲ ಇಟ್ಟ ರಾಗಿ ಮುದ್ದೆ ತಿಂದಾದ ಆನೆಗಳನ್ನು ಕರೆದುಕೊಂಡು ಹೋಗುತ್ತಿದ್ದರು.

ಅಲ್ಲೇ ಒಬ್ಬರು ಜೋರು ಮಾಡಿದರು. "ಎಂತ ಇದು? ಟಿಕೆಟಿಗೆ ದುಡ್ಡು ಕೊಟ್ಟಿದ್ದೇವಲ್ಲ, ಇನ್ನೊಮ್ಮೆ ಇಳಿಸಿ ನೀರಿಗೆ." ಸತ್ಯ ಹೇಳ್ತೇನೆ, ನನ್ನ ಮನಸ್ಸಿನಲ್ಲೂ ಅದೇ ಇತ್ತು. ಬಾಯಿ ಬಿಟ್ಟಿರಲಿಲ್ಲ ಅಷ್ಟೆ.

ವಾಪಸ್ ಬರುವಾಗ ಸುಳ್ಯದ ಹತ್ತಿರ ಕಾರಿನಲ್ಲಿ ಕಡಬದ ಮಾತು ಬಂತು. ನಮ್ಮಲ್ಲೊಬ್ಬನ ಮನೆ ಆ ಕಡೆ. 2023ರ ಫೆಬ್ರವರಿ ನೆನಪುಂಟಾ? ಅಲ್ಲಿನ ರೆಂಜಿಲಾಡಿಯಲ್ಲಿ ಬೆಳಗ್ಗೆ ಹಾಲಿನ ಡೇರಿ ಕೆಲಸಕ್ಕೆ ಹೊರಟ ಹುಡುಗಿಯನ್ನೂ ಅವಳನ್ನು ಉಳಿಸಲು ಓಡಿದ ಒಬ್ಬರನ್ನೂ ಕಾಡಾನೆ ಕೊಂದಿತು. ಊರಿಡೀ ರೊಚ್ಚಿಗೆದ್ದಿತ್ತು. ಆಗ ಆ ಆನೆಯನ್ನು ಹಿಡಿಯಲು ಬಂದವರು ಯಾರು? ನಾಗರಹೊಳೆ, ದುಬಾರೆ ಕಡೆಯ ಸಾಕಾನೆಗಳು. ಆಗ ಮೈಸೂರು ದಸರೆಯ ಅಂಬಾರಿ ಹೊರುತ್ತಿದ್ದ ಅಭಿಮನ್ಯುವೂ ಬಂದಿದ್ದ. ಅಡಿಕೆ ತೋಟದವರು ರಾತ್ರಿ ಪಟಾಕಿ ಹಿಡಿದು ಕಾಯುವ ನಮ್ಮದೇ ಜಿಲ್ಲೆಯ ತಾಪತ್ರಯಕ್ಕೆ ಘಾಟಿ ಇಳಿದು ಬಂದ ಆನೆಗಳು ಅವು.

ಅರ್ಜುನ ಎಂಬ ಆನೆಯ ಕಥೆ ಗೊತ್ತಲ್ಲ? ಅವನು ನಾಗರಹೊಳೆಯ ಬಳ್ಳೆ ಶಿಬಿರದವನು. ದಸರೆಯಲ್ಲಿ 750 ಕೆಜಿಯ ಅಂಬಾರಿಯನ್ನು ಎಂಟು ಸಲ ಹೊತ್ತಿದ್ದ. ವಯಸ್ಸು 60 ದಾಟಿತೆಂದು ಅಂಬಾರಿಯಿಂದ ಬಿಡಿಸಿದರು. ಡ್ಯೂಟಿಯಿಂದ ಬಿಡಿಸಲಿಲ್ಲ. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ಬಳಿ ಕಾಡಾನೆ ಹಿಡಿಯುವ ಕೆಲಸದಲ್ಲೇ ಸತ್ತ.

ಹಾಗಾಗಿ ನನ್ನ ತಕರಾರು ಇಷ್ಟೇ. ನದಿಯಲ್ಲಿ ಒರಗಿದ ಆ ಆನೆ ನಮಗೆ ಶೋ ಕೊಡುತ್ತಿಲ್ಲ. ಕೆಲಸಗಾರರೊಬ್ಬರು ಡ್ಯೂಟಿ ಇಲ್ಲದ ಹೊತ್ತಿನಲ್ಲಿ ಸ್ನಾನ ಮಾಡುತ್ತಿದ್ದಾರೆ, ನಮ್ಮನ್ನು ಹತ್ತಿರ ನಿಲ್ಲಲು ಬಿಟ್ಟಿದ್ದಾರೆ. ಆಮೇಲೆ ಅವು ಕಾಡಿಗೆ ಮೇಯಲು ಹೋಗಬೇಕು. ಮರುದಿನ ಬೆಳಗ್ಗೆ ಮಾವುತರು, ಅವರ ಸಹಾಯಕರಾದ ಕಾವಾಡಿಗಳು ಆನೆಯ ಕಾಲಿನ ಸರಪಳಿ ನೆಲದಲ್ಲಿ ಎಳೆದ ಗುರುತು ನೋಡುತ್ತಾ ಹುಡುಕಿ ಕರೆತರಬೇಕು. ನಮ್ಮ ಬನ್ಸ್ ಲೇಟಾಯಿತೆಂದು ಇದೆಲ್ಲ ಹಿಂದೆ ಹೋಗಬೇಕಾ?

ಆ ಶಿಬಿರದಲ್ಲಿ ಬದಲಾಗಬೇಕಾದದ್ದೇ ಇಲ್ಲ ಎನ್ನುವುದಿಲ್ಲ. ಆನೆಗೆ ಸರಪಳಿ ಯಾಕೆ ಎಂದು ಕೇಳುವವರ ಹತ್ತಿರ ನಾನು ವಾದ ಮಾಡುವುದೂ ಇಲ್ಲ. ಆದರೆ ಗಂಟೆ ನೋಡಿ ಗೇಟು ಹಾಕುವವರ ಪರವಾಗಿ ನಾನಿದ್ದೇನೆ. ಇನ್ನೂ ಬೇಗ ಹಾಕಿದರೂ ಸರಿಯೇ.

ನಮ್ಮ ಗ್ರೂಪಿನಲ್ಲಿ ಮುಂದಿನ ತಿಂಗಳಿಗೆ ಮತ್ತೆ ಪ್ಲಾನ್ ಆಗಿದೆ. ಪಂಪ್‌ವೆಲ್, ಬೆಳಗ್ಗೆ ಮೂರೂವರೆ. ಬನ್ಸ್ ಮನೆಯಿಂದಲೇ ಕಟ್ಟಿಕೊಂಡು ಬರುವುದು. ಲೈಫ್ ಜಾಕೆಟ್ ಬಿಚ್ಚಿದವನಿಗೆ ಹಿಂದಿನ ಸೀಟು.